ಮೋರ್ಟಿಸ್: ಮುಖವಾಡ ಇದ್ದಾಗ ಚೆನ್ನಾಗಿತ್ತಾ, ತೆಗೆದ ಮೇಲಾ?

ಹಳೇಟೇಪು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆಯಲ್ಲಿ ಓಡುತ್ತಿರುವ ವಿಷಯ, ಇಲ್ಲಿ ಹಾಕುತ್ತಿದ್ದೇನೆ.

ಹೋದ ಶನಿವಾರ ರಾತ್ರಿ ನಿದ್ದೆ ಬರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮೋರ್ಟಿಸ್‌ನ 1994ರ ಎರಡನೇ ಆಲ್ಬಂ ಕೇಳುತ್ತಾ ಮಲಗಿದ್ದೆ. ಗೊತ್ತಿಲ್ಲದವರಿಗೆ: ಮೋರ್ಟಿಸ್ ನಾರ್ವೆಯ ಸಂಗೀತಗಾರ, ಉದ್ದ ಮೂಗಿನ ಪಿಶಾಚಿ ಮುಖವಾಡ ಹಾಕಿಕೊಂಡು ಬರುತ್ತಿದ್ದವನು. ಎರಡೇ ಟ್ರ್ಯಾಕ್, ಒಂದೊಂದೂ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಕೀಬೋರ್ಡ್‌ನದ್ದೇ ರಾಜ್ಯ. ಒಂದು ಪುಟ್ಟ ರಾಗ ಸುತ್ತಿ ಸುತ್ತಿ ಬರುತ್ತದೆ, ಹಿಂದೆ ಎಲ್ಲೋ ದೂರದಲ್ಲಿ ನಗಾರಿ ಹೊಡೆದ ಹಾಗೆ ಸದ್ದು. ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಆಲ್ಬಂ ಮುಗಿದು, ಆಪ್ ತಾನಾಗೇ ಅದೇ ಮನುಷ್ಯನ 2004ರ 'ದ ಗ್ರಜ್' ಶುರು ಮಾಡಿಬಿಟ್ಟಿತು. ಗಿಟಾರ್ ಗರಗರ, ಮಷೀನ್ ಬಡಿದ ಹಾಗೆ ಡ್ರಮ್, ಯಾರೋ ಸಿಟ್ಟಿನಲ್ಲಿ ಕೂಗುತ್ತಿದ್ದಾರೆ. ಧಡಕ್ಕನೆ ಎದ್ದು ಕೂತೆ.

ಎರಡರ ಮೇಲೂ ಇರುವುದು ಒಂದೇ ಹೆಸರು. ಮಧ್ಯೆ ಹತ್ತು ವರ್ಷ. ನನ್ನ ಪ್ರಶ್ನೆ ಇಷ್ಟೇ: ಇವನು ಬೆಳೆದನಾ, ದಾರಿ ತಪ್ಪಿದನಾ? 2020ರಲ್ಲಿ ಮತ್ತೆ ಹಳೇ ಕೀಬೋರ್ಡಿಗೇ ವಾಪಸ್ ಬಂದನಲ್ಲ, ಅದು ಸೋತು ಬಂದಿದ್ದಾ?

ಕಪ್ಪುಕೋಣೆ

ದಾರಿ ತಪ್ಪಿದ. ಮುಗೀತು, ಎಳೆ ಮುಚ್ಚಿ 😀

ಸರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸಬರಿಗೆ ಗೊತ್ತಿರಲಿ: ಮೋರ್ಟಿಸ್ ಅಂದರೆ ಹೋವರ್ಡ್ ಎಲ್ಲೆಫ್ಸೆನ್, 1975ರಲ್ಲಿ ಹುಟ್ಟಿದವನು, ನಾರ್ವೆಯ ಟೆಲೆಮಾರ್ಕ್ ಕಡೆಯ ನೋಟೋಡೆನ್ ಊರಿನವನು. 1991ರಲ್ಲಿ ಶುರುವಾದ ಎಂಪರರ್ (ಚಕ್ರವರ್ತಿ ಅಂತ ಅರ್ಥ) ಅನ್ನುವ ಬ್ಲ್ಯಾಕ್ ಮೆಟಲ್ ಬ್ಯಾಂಡಿನ, ಅಂದರೆ ಕಿರುಚು ದನಿ, ವೇಗದ ಗಿಟಾರಿನ ಬ್ಯಾಂಡಿನ, ಮೊದಲ ಬಾಸ್ ವಾದಕ. ಆ ಬ್ಯಾಂಡ್ ಕಟ್ಟಿದ ಇಸಾನ್, ಸಮೋಥ್ ಜೊತೆ ಇದ್ದವನು. 1992ರಲ್ಲೇ ಹೊರಗೆ ಬಂದ. ಆದರೆ ಎಂಪರರ್‌ನ 1994ರ ಮೊದಲ ಆಲ್ಬಂನಲ್ಲಿ ಅವನು ಬರೆದಿಟ್ಟು ಹೋದ ಸಾಹಿತ್ಯ ಹಾಗೇ ಉಳಿಯಿತು. 'ಐ ಆಮ್ ದ ಬ್ಲ್ಯಾಕ್ ವಿಝರ್ಡ್ಸ್' ಬರೆದವನು ಇವನೇ. ಬೆಂಗಳೂರಿನಲ್ಲಿ ಕಪ್ಪು ಟೀಶರ್ಟ್ ಹಾಕಿಕೊಂಡು ಆ ಸಾಲು ಕೂಗಿದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಆಮೇಲೆ ಒಬ್ಬನೇ ಕೂತು ಕೀಬೋರ್ಡ್ ಹಿಡಿದ. 1993ರಲ್ಲಿ ಒಂದು ಡೆಮೊ. 1994ರಲ್ಲಿ ಮೊದಲ ಆಲ್ಬಂ 'ಫೋಡ್ತ್ ಟಿಲ್ ಆ ಹೆರ್ಸ್ಕೆ'. ಆಳಲು ಹುಟ್ಟಿದವನು ಅಂತ ಅರ್ಥ. ಹತ್ತೊಂಬತ್ತು ತುಂಬದ ಹುಡುಗ ಐವತ್ತು ನಿಮಿಷ ಮೀರಿದ ಒಂದೇ ಒಂದು ಸಂಗೀತವನ್ನು ಎರಡು ತುಂಡು ಮಾಡಿ ಕೊಟ್ಟು, ಅದಕ್ಕೆ ಇಂಥ ಹೆಸರಿಡುತ್ತಾನೆ. ಎಂಥ ಸೊಕ್ಕು! ನನಗೆ ಆ ಸೊಕ್ಕೇ ಇಷ್ಟ. 2001ರ ನಂತರದ್ದು ರೇಡಿಯೋಗೆ ಮಾಡಿದ ಹಾಡುಗಳು.

ಉತ್ತರದಿಕ್ಕು

ಓಸ್ಲೋದಿಂದ ಬರೆಯುತ್ತಿದ್ದೇನೆ. ಕಪ್ಪುಕೋಣೆಯವರೇ, ಅದು 'ಫೋಡ್ತ್' ಅಲ್ಲ, 'ಫ್ಯೋಟ್'. ಮಧ್ಯದ 'ಆ' ಕೂಡ 'ಓ' ಆಗಬೇಕು. 'ಫ್ಯೋಟ್ ಟಿಲ್ ಓ ಹೆರ್ಸ್ಕೆ'. ಎರಡನೇ ಆಲ್ಬಂ 'ಓನ್ನನ್ ಸೊಮ್ ಯೂರೆ ಒಪ್‌ರ್ಯೋರ್', ದಂಗೆ ಎದ್ದ ಆತ್ಮ. ಮೂರನೆಯದರ ಕೊನೆಯ ಪದಕ್ಕೆ ನಮ್ಮ ಅಕ್ಷರದಲ್ಲಿ ದಾರಿಯೇ ಇಲ್ಲ, ಹತ್ತಿರದ್ದು 'ಉಚೆಂಟ್'. ಅಜ್ಞಾತ ಅಂತ. ಅಜ್ಞಾತ ಲೋಕದ ಚಕ್ರವರ್ತಿ.

ಎಂಪರರ್ ಬಿಟ್ಟು ಬಂದವನು ಮೂರು ವರ್ಷ ಆದಮೇಲೆ 'ಚಕ್ರವರ್ತಿ' ಅಂತಲೇ ಆಲ್ಬಂಗೆ ಹೆಸರಿಟ್ಟ, ನೋಡಿದಿರಾ?

ಕಪ್ಪುಕೋಣೆ

ಹದಿನೈದು ವರ್ಷದಿಂದ ತಪ್ಪು ಹೇಳಿಕೊಂಡು ಓಡಾಡಿದ್ದೇನೆ. ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ.

ಮಳೆಬಿಲ್ಲು

ನಾನು ಉಲ್ಟಾ ದಾರಿಯಲ್ಲಿ ಬಂದವಳು. ಕಾಲೇಜಿನಲ್ಲಿ ರೂಮ್‌ಮೇಟ್ ಒಬ್ಬಳು ಮೋರ್ಟಿಸ್‌ನ 2001ರ ಆಲ್ಬಂ ಕಾಪಿ ಮಾಡಿದ ಸಿಡಿ ಕೊಟ್ಟಿದ್ದಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಸ್ಮೆಲ್ ಆಫ್ ರೇನ್' ಅಂತ ಇತ್ತು. ಮಳೆ ವಾಸನೆ ಅಂದಮೇಲೆ ಏನೋ ತಂಪಾದ ಹಾಡುಗಳಿರಬೇಕು ಅಂದುಕೊಂಡು ಹಾಕಿದೆ. ತಂಪೂ ಇರಲಿಲ್ಲ, ಹಳೇ ಆಲ್ಬಂಗಳ ಕೋಟೆ-ಅರಮನೆಯಂಥ ಕೀಬೋರ್ಡೂ ಇರಲಿಲ್ಲ. ಸಿಂಥ್ (ಎಲೆಕ್ಟ್ರಾನಿಕ್ ಸದ್ದಿನ ಕೀಬೋರ್ಡ್), ಎಲೆಕ್ಟ್ರಾನಿಕ್ ಬೀಟು, ಮೇಲೊಂದು ಅಳುಕಿನ ಗಂಡುದನಿ. ಅಂಥಾ ದೊಡ್ಡ ಹಾಡುಗಾರನೇನಲ್ಲ. ಹಾಡಲು ಹೆದರುತ್ತಲೇ ಹಾಡುತ್ತಿದ್ದಾನೆ ಅನ್ನಿಸಿತು. ಅದಕ್ಕೇ ಹಿಡಿಸಿತು.

ಆಮೇಲೆ ಹುಡುಕಿದರೆ ಕವರ್ ಮೇಲೆ ಉದ್ದ ಮೂಗು, ಚೂಪು ಕಿವಿಯ ಒಂದು ಪಿಶಾಚಿ! ಈ ಮುಖಕ್ಕೂ ಆ ದನಿಗೂ ಎಲ್ಲಿಯ ಸಂಬಂಧ ಅಂತ ಅರ್ಥವೇ ಆಗಲಿಲ್ಲ.

ಹಳೆಯ ಆಲ್ಬಂ ಕೇಳಿದ್ದು ಎಷ್ಟೋ ವರ್ಷ ಆದಮೇಲೆ. ನಿಜ ಹೇಳಲಾ? ಏಳನೇ ನಿಮಿಷಕ್ಕೆ ಕುಕ್ಕರ್ ಇಡಲು ಎದ್ದು ಹೋದೆ. ವಾಪಸ್ ಬಂದಾಗಲೂ ಅದೇ ರಾಗ ನಡೆಯುತ್ತಿತ್ತು.

ಕಪ್ಪುಕೋಣೆ

ಕುಕ್ಕರ್ ಮೂರು ವಿಷಲ್ ಕೂಗುವವರೆಗೂ ಅದೇ ರಾಗ ಇರಬೇಕು ಮೇಡಂ, ಅದೇ ಅದರ ಗಮ್ಮತ್ತು.

ಕೀಲಿಮಣೆ

ಈ ಜಗಳ ನೋಡಿ ಖುಷಿಯಾಯಿತು. 'ಬೋರ್' ಅನ್ನುವವರಿಗೂ 'ದೇವರು' ಅನ್ನುವವರಿಗೂ ಒಂದು ಮಾತು. ನಾನು ಅದನ್ನು ಬಾರಿಸಿ ನೋಡಿದ್ದೇನೆ. ಮನೆಯಲ್ಲಿ ಹಳೆಯ ಕ್ಯಾಸಿಯೋ ಇದೆ, ಮಗಳು ಕಲಿಯಲಿ ಅಂತ ತಂದಿದ್ದು, ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತೇವೆ. ಬಟ್ಟೆ ಎತ್ತಿಟ್ಟು ಕೂತೆ.

ಎಡಗೈಯಲ್ಲಿ ಒಂದು ಕೆಳಗಿನ ಸ್ವರ ಒತ್ತಿ ಹಿಡಿಯಬೇಕು. ನಮ್ಮ ಶ್ರುತಿಪೆಟ್ಟಿಗೆ ಇದ್ದ ಹಾಗೆ, ಅದು ಬಿಡುವ ಹಾಗಿಲ್ಲ. ಬಲಗೈಯಲ್ಲಿ ಆರೋ ಏಳೋ ಸ್ವರದ ಒಂದು ರಾಗ. ಮೊದಲ ಸುತ್ತು ತಂತಿವಾದ್ಯದ ಸದ್ದಿನಲ್ಲಿ. ನಾಲ್ಕು ಸುತ್ತು ಆದಮೇಲೆ ಅದೇ ರಾಗಕ್ಕೆ ಕಹಳೆಯ ಸದ್ದು ಸೇರುತ್ತದೆ. ಇನ್ನು ನಾಲ್ಕು ಸುತ್ತಿಗೆ ನಗಾರಿ. ಆಮೇಲೆ ಕೋರಸ್ ದನಿ. ರಾಗ ಬದಲಾಗುವುದಿಲ್ಲ, ಅದನ್ನು ಹೊತ್ತುಕೊಂಡು ಬರುವವರು ಜಾಸ್ತಿ ಆಗುತ್ತಾರೆ, ಅಷ್ಟೇ. ಜಾತ್ರೆ ದೂರದಿಂದ ಹತ್ತಿರ ಬಂದ ಹಾಗೆ. ಮೊದಲು ಒಂದು ಡೊಳ್ಳು ಕೇಳಿಸುತ್ತದೆ, ಆಮೇಲೆ ಐದು, ಆಮೇಲೆ ಊರೇ ಬೀದಿಯಲ್ಲಿ.

ಕಷ್ಟ ಏನು ಗೊತ್ತಾ? ಬೆರಳಿಗೆ ಕೆಲಸವೇ ಇಲ್ಲ, ತಾಳ್ಮೆಗೆ ಕೆಲಸ. ಮೂರನೇ ಸುತ್ತಿಗೇ ಕೈ ತಾನಾಗಿ ಏನಾದರೂ ಸೇರಿಸಲು ಹೋಗುತ್ತದೆ. ಒಂದು ಗಮಕ, ಒಂದು ಓಟ. ಅದನ್ನು ತಡೆಯಬೇಕು. ಹತ್ತು ನಿಮಿಷ ತಡೆದೆ. ಹನ್ನೊಂದನೇ ನಿಮಿಷಕ್ಕೆ ಕರೆಂಟ್ ಹೋಯಿತು.

ಇನ್ನೊಂದು ಗಮನಿಸಿದೆ. ಆ ಕಹಳೆ ನಿಜವಾದ ಕಹಳೆಯ ಹಾಗೆ ಕೇಳಿಸುವುದಿಲ್ಲ, ಆಗಿನ ಕೀಬೋರ್ಡಿನ ಅಗ್ಗದ ಕಹಳೆ. ನಾಟಕದ ಪರದೆ ಮೇಲೆ ಬರೆದ ಕೋಟೆ ಇರುತ್ತದಲ್ಲ, ಅದು ನಿಜವಾದ ಕೋಟೆ ಅಲ್ಲ ಅಂತ ಗೊತ್ತಿದ್ದೂ ನಾವು ಒಳಗೆ ಹೋಗುತ್ತೇವೆ. ಒಳ್ಳೆಯ ಸ್ಟುಡಿಯೋದಲ್ಲಿ ನಿಜವಾದ ವಾದ್ಯಗೋಷ್ಠಿ ಇಟ್ಟು ಮಾಡಿದ್ದರೆ ಈ ಮಜಾ ಹೋಗುತ್ತಿತ್ತು ಅನ್ನಿಸುತ್ತದೆ.

ಸುಮ್ನೆಕೇಳುಗ

ನಂಗೊಂದು ಅನುಮಾನ. ಇದನ್ನು ಡಾರ್ಕ್ ಆಂಬಿಯೆಂಟ್ ಅಂತ ಕರೆಯುತ್ತಾರೆ. ಆದರೆ ಡಾರ್ಕ್ ಆಂಬಿಯೆಂಟ್ ಅಂದರೆ ರಾಗವೇ ಇಲ್ಲದ ಗುಂಯ್ ಸದ್ದು ಅಲ್ವಾ? ನಾರ್ವೆಯವರೇ ಆದ ಡೆತ್‌ಪ್ರಾಡ್ ಕೇಳಿದ್ದೇನೆ. ಅಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಸಿಗುವುದಿಲ್ಲ. ಟ್ರೊಮ್ಸೋದ ಬಯೋಸ್ಫಿಯರ್‌ನ 'ಸಬ್‌ಸ್ಟ್ರಾಟಾ' ಕೂಡ ಹಾಗೇ, ಮಂಜಿನೊಳಗೆ ನಿಂತ ಹಾಗೆ. ಇವನದ್ದರಲ್ಲಿ ಗುನುಗಬಹುದಾದ ರಾಗ ಇದೆ.

ಕಪ್ಪುಕೋಣೆ

ಸರಿಯಾದ ಪ್ರಶ್ನೆ. ಆ ಹೆಸರು ಬಂದಿದ್ದಕ್ಕೆ ಅರ್ಧ ಕಾರಣ ಅವನ ಲೇಬಲ್. ಎರಡನೇ ಆಲ್ಬಂ ಹೊರತಂದಿದ್ದು ಸ್ವೀಡನ್ನಿನ ಕೋಲ್ಡ್ ಮೀಟ್ ಇಂಡಸ್ಟ್ರಿ. ರೋಜರ್ ಕರ್ಮಾನಿಕ್ 1987ರಲ್ಲಿ ಶುರು ಮಾಡಿದ್ದು. ಅಲ್ಲಿ ಇದ್ದವರೆಲ್ಲ ಕಾರ್ಖಾನೆ ಸದ್ದು, ಹೆಣದ ಮನೆ ಸದ್ದು ಮಾಡುವವರು. ಕರ್ಮಾನಿಕ್‌ನದ್ದೇ ಬ್ರೈಟರ್ ಡೆತ್ ನೌ ಕೇಳಿ ನೋಡಿ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂಥವರ ಸಾಲಿನಲ್ಲಿ ಈ ಕೋಟೆ-ಕಹಳೆ ಹುಡುಗನೂ ನಿಂತ. ಸಿಡಿ ಅಂಗಡಿಯವನು ಯಾವ ಕಪಾಟಿನಲ್ಲಿ ಇಟ್ಟನೋ ಅದೇ ಜಾತಿ ಆಯಿತು.

ಇವತ್ತು ಇದಕ್ಕೆ ಡಂಜನ್ ಸಿಂಥ್ ಅನ್ನುತ್ತಾರೆ, ಡಂಜನ್ ಅಂದರೆ ಕೋಟೆಯ ನೆಲಮಾಳಿಗೆ ಸೆರೆಮನೆ. ಆ ಹೆಸರು ಚಾಲ್ತಿಗೆ ಬಂದಿದ್ದು 2011ರ ಆಸುಪಾಸಿನಲ್ಲಿ, ಅಂದರೆ ಸಂಗೀತ ಮಾಡಿ ಹದಿನೇಳು ವರ್ಷ ಆದಮೇಲೆ. ಮಜಾ ಅಂದರೆ ಇವನು ತೊಂಬತ್ತರ ದಶಕದಲ್ಲೇ ಡಾರ್ಕ್ ಡಂಜನ್ ಮ್ಯೂಸಿಕ್ ಅಂತ ಸ್ವಂತ ಲೇಬಲ್ ಮಾಡಿಕೊಂಡಿದ್ದ. ಮಗು ಹುಟ್ಟಿ ಕಾಲೇಜಿಗೆ ಹೋಗುವ ಹೊತ್ತಿಗೆ ಊರಿನವರು ಅದೇ ಹೆಸರಿನಲ್ಲಿ ನಾಮಕರಣ ಮಾಡಿದ ಹಾಗೆ.

ಉತ್ತರದಿಕ್ಕು

ಒಬ್ಬನೇ ಕಂಡುಹಿಡಿದ ಅಂತ ಆಗಬಾರದು. ನಾರ್ವೆಯ ಬೇರೆ ಬ್ಲ್ಯಾಕ್ ಮೆಟಲ್ ಬ್ಯಾಂಡುಗಳವರೂ ಇದ್ದರು. ಡಾರ್ಕ್‌ಥ್ರೋನ್‌ನ ಫೆನ್ರಿಜ್ ಅದೇ ಕಾಲದಲ್ಲಿ ನೆಪ್ಚೂನ್ ಟವರ್ಸ್ ಅಂತ ಸಿಂಥ್ ಸಂಗೀತ ಮಾಡುತ್ತಿದ್ದ. ಸಟಿರಿಕಾನ್‌ನ ಸಾಟಿರ್ 1995ರಲ್ಲಿ ವೊಂಗ್ರಾವೆನ್ ಮಾಡಿದ. ಇನ್ನೂ ಹಿಂದಕ್ಕೆ ಹೋದರೆ ಮೇಹೆಮ್‌ನ 1987ರ 'ಡೆತ್‌ಕ್ರಶ್' ಶುರುವಾಗುವುದೇ ಬರ್ಲಿನ್ನಿನ ಕೊನ್ರಾಡ್ ಶ್ನಿಟ್ಸ್‌ಲರ್ ಕೊಟ್ಟ ಒಂದು ತಾಳದ ತುಂಡಿನಿಂದ. ಶ್ನಿಟ್ಸ್‌ಲರ್ ಅಂದರೆ ಜರ್ಮನಿಯ ಸಿಂಥ್ ಬ್ಯಾಂಡ್ ಟ್ಯಾಂಜರಿನ್ ಡ್ರೀಮ್‌ನ ಮೊದಲ ಆಲ್ಬಂನಲ್ಲಿದ್ದವರು. ಜರ್ಮನ್ ಸಿಂಥ್ ಈ ಹುಡುಗರ ಕಿವಿಗೆ ಮೊದಲೇ ಬಿದ್ದಿತ್ತು.

ಗಡಿಯಾರ

ನಾರ್ವೆಯಲ್ಲಿ ಆರು ತಿಂಗಳು ಕತ್ತಲೆ ಇರುತ್ತದಲ್ಲ, ಅದಕ್ಕೇ ಇಂಥ ಸಂಗೀತ ಹುಟ್ಟುತ್ತದೆ. ಪರಿಸರದ ಪ್ರಭಾವ. ತೊಂಬತ್ತರ ದಶಕದಲ್ಲಿ ಅಲ್ಲಿನ ಬ್ಲ್ಯಾಕ್ ಮೆಟಲ್ ಹುಡುಗರು ಚರ್ಚ್ ಸುಟ್ಟ ಗಲಾಟೆ ಕೂಡ…

ನಿರ್ವಾಹಕ

ಚರ್ಚ್ ವಿಷಯಕ್ಕೆ ಬೇರೆ ಎಳೆ ಇದೆ, ನಾನೂರು ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಸಂಗೀತ ಮಾತ್ರ.

ಉತ್ತರದಿಕ್ಕು

ಕತ್ತಲೆ ಕಥೆಗೆ ಮಾತ್ರ ಉತ್ತರ ಕೊಟ್ಟುಬಿಡುತ್ತೇನೆ, ಯಾಕೆಂದರೆ ನಾನು ನೋಟೋಡೆನ್‌ಗೆ ಹೋಗಿದ್ದೇನೆ. ಓಸ್ಲೋದಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿ ಆರು ತಿಂಗಳ ಕತ್ತಲೆ ಇಲ್ಲ, ಚಳಿಗಾಲದಲ್ಲೂ ದಿನಕ್ಕೆ ಆರು ಗಂಟೆ ಬೆಳಕಿರುತ್ತದೆ.

ಆ ಊರಿನ ಕಥೆ ಬೇರೆ. ಒಂದು ಕಡೆ ಹೆದ್ದಾಲ್ ಚರ್ಚ್ ಇದೆ, ಪೂರ್ತಿ ಮರದ್ದು. ಆ ಬಗೆಯ ಹಳೇ ಮರದ ಚರ್ಚುಗಳಲ್ಲಿ ನಾರ್ವೆಯಲ್ಲೇ ದೊಡ್ಡದು. ಚಾವಣಿ ಮೇಲೆ ಚಾವಣಿ, ಮೀನಿನ ಹುರುಪೆಯ ಹಾಗೆ ಮರದ ಬಿಲ್ಲೆ. ಹತ್ತಿರ ನಿಂತರೆ ಟಾರಿನ ವಾಸನೆ ಹೊಡೆಯುತ್ತದೆ, ಮರ ಕೊಳೆಯದಿರಲಿ ಅಂತ ಬಳಿದಿರುತ್ತಾರೆ. ಇನ್ನೊಂದು ಕಡೆ ಸರೋವರದ ದಡದಲ್ಲಿ ಹಳೇ ಕಾರ್ಖಾನೆ. 1905ರಲ್ಲಿ ಹುಟ್ಟಿದ ನೋರ್ಶ್ಕ್ ಹೈಡ್ರೋ ಕಂಪನಿಯ ಗೊಬ್ಬರದ ಕಾರ್ಖಾನೆ. ಜಲಪಾತದಿಂದ ಕರೆಂಟ್ ತೆಗೆದು, ಆ ಕರೆಂಟಿನ ಕಿಡಿಯಿಂದ ಗಾಳಿಯ ಸಾರಜನಕ ಹಿಡಿದು ರಸಗೊಬ್ಬರ ಮಾಡುತ್ತಿದ್ದರು. ಇಟ್ಟಿಗೆ ಕಟ್ಟಡಗಳು ಈಗಲೂ ಇವೆ. 2015ರಲ್ಲಿ ರ್‍ಯೂಕಾನ್ ಜೊತೆ ಸೇರಿಸಿ ಯುನೆಸ್ಕೋ ಪಟ್ಟಿಗೆ ಹಾಕಿದರು.

ಮರದ ಚರ್ಚೂ ಕಾರ್ಖಾನೆಯೂ ಒಂದೇ ಊರಲ್ಲಿ. ಒಂದರಿಂದ ಅವನ ಮೊದಲ ಸಂಗೀತ, ಇನ್ನೊಂದರಿಂದ ಆಮೇಲಿನ ಇಂಡಸ್ಟ್ರಿಯಲ್ (ಮಷೀನ್ ಸದ್ದಿನ ಸಂಗೀತ) ಅಂತ ಬರೆಯಲು ಕೈ ತುರಿಸುತ್ತದೆ. ಆದರೆ ಆ ಊರಿನಲ್ಲಿ 1988ರಿಂದ ಪ್ರತಿ ಬೇಸಿಗೆ ದೊಡ್ಡ ಬ್ಲೂಸ್ ಉತ್ಸವ ನಡೆಯುತ್ತದೆ. ನಾನು ಹೋದಾಗ ಊರು ತುಂಬಾ ಗಿಟಾರ್ ಚಿತ್ರದ ಪೋಸ್ಟರು. ಇವನು ಹದಿಮೂರರ ಹುಡುಗ ಇದ್ದಾಗಲೇ ಶುರುವಾಗಿದ್ದು. ಊರಿನ ಗಾಳಿ ಸಂಗೀತ ಮಾಡಿಸುವುದಾದರೆ ಇವನು ಬ್ಲೂಸ್ ಬಾರಿಸಬೇಕಿತ್ತು.

ಗಡಿಯಾರ

ಒಪ್ಪಿದೆ ಸಾರ್. ಸುಮ್ನೆ ಬಾಯಿಗೆ ಬಂದಿದ್ದು ಬರೆದೆ.

ಹಳೇಟೇಪು

ಎಳೆ ಎಲ್ಲೆಲ್ಲೋ ಹೋಗಿ ಚೆನ್ನಾಗಿಯೇ ಆಯಿತು. ಆದರೆ ನನ್ನ ಪ್ರಶ್ನೆ? ಆ ತಿರುವು ಯಾಕೆ ಬಂತು?

ಕೀಲಿಮಣೆ

ತಿರುವು ಒಂದೇ ದಿನ ಬರಲಿಲ್ಲ. 1996ರ 'ಕ್ರಿಪ್ಟ್ ಆಫ್ ದ ವಿಝರ್ಡ್' ಕೇಳಿ. ಅಲ್ಲಿಗಾಗಲೇ ಇಪ್ಪತ್ತು ನಿಮಿಷದ ಟ್ರ್ಯಾಕ್ ಹೋಗಿ ಸಣ್ಣ ಸಣ್ಣ ತುಂಡು ಬಂದಿದೆ. 1999ರ 'ದ ಸ್ಟಾರ್‌ಗೇಟ್'ನಲ್ಲಿ ಗಾಯಕಿ ಸಾರಾ ಜೆಝೆಬೆಲ್ ಡೀವಾ ದನಿ ಇದೆ, ಹೆಣ್ಣುದನಿ ಹಾಡಿದ ತಕ್ಷಣ ಸಿನಿಮಾ ಸಂಗೀತದ ಗತ್ತು ಬಂತು. ಅದು ಬಂದಿದ್ದು ಇಂಗ್ಲೆಂಡಿನ ಇಯರೇಕ್ ಲೇಬಲ್ಲಿನಿಂದ. ನೇಪಾಮ್ ಡೆತ್, ಗಾಡ್‌ಫ್ಲೆಶ್ ಥರದ ಅಬ್ಬರದ ಬ್ಯಾಂಡುಗಳನ್ನು ತಂದ ಲೇಬಲ್. 2001ರಲ್ಲಿ 'ಸ್ಮೆಲ್ ಆಫ್ ರೇನ್', ಅಲ್ಲಿ ಅವನೇ ಹಾಡಲು ನಿಂತ. 2004ಕ್ಕೆ ಗಿಟಾರ್ ಜೋರಾಯಿತು. ಒಂದೊಂದೇ ಮೆಟ್ಟಿಲು. ನೀವು ಮಧ್ಯದ ಮೂರು ಮೆಟ್ಟಿಲು ಬಿಟ್ಟು ಜಿಗಿದಿರಿ, ಅದಕ್ಕೇ ಬಿದ್ದಿರಿ.

ಅವನೇ ಇದನ್ನೆಲ್ಲ ಕಾಲಘಟ್ಟ ಅಂತ ಎಣಿಸಿ ಇಟ್ಟಿದ್ದಾನೆ. ಮೊದಲ ಯುಗ, ಎರಡನೇ ಯುಗ ಅಂತ. ತಾನೇ ತನ್ನ ಚರಿತ್ರೆ ಬರೆದುಕೊಳ್ಳುವ ಚಾಳಿ. ಕಪ್ಪುಕೋಣೆಯವರು ಹೇಳಿದ ಸೊಕ್ಕು ಇದೇ ಇರಬೇಕು.

ಮಳೆಬಿಲ್ಲು

ನನಗೆ ಮುಖವಾಡದ ವಿಷಯ ಇನ್ನೂ ಕಾಡುತ್ತಿದೆ.

ಮೊದಲ ಆಲ್ಬಂಗಳಲ್ಲಿ ಅವನು ಹೆಚ್ಚುಕಡಿಮೆ ಮೂಕ. ಮಾತಿಲ್ಲ. ಹಾಗಾಗಿ ಮುಖವಾಡವೇ ಮಾತಾಡಬೇಕು. ಉದ್ದ ಮೂಗಿನ ಆ ಜೀವಿ ಅಜ್ಞಾತ ಲೋಕದಲ್ಲಿ ಕೂತು ಕೀಬೋರ್ಡ್ ಬಾರಿಸುತ್ತಿದೆ ಅಂತ ನಾವು ನಂಬುತ್ತೇವೆ. ಎಲ್ಲ ಸರಿಹೊಂದುತ್ತದೆ.

2001ರಲ್ಲಿ ಬಾಯಿ ತೆರೆದ. 'ನಾನು' ಅಂತ ಹಾಡಿದ. ನನ್ನ ನೋವು, ನನ್ನ ಸಿಟ್ಟು. ಆ 'ನಾನು' ಯಾರು? ಪಿಶಾಚಿಯಾ, ನೋಟೋಡೆನ್‌ನ ಹುಡುಗನಾ? 'ಪ್ಯಾರಸೈಟ್ ಗಾಡ್' ವಿಡಿಯೋ ನೋಡಿ, ರಬ್ಬರ್ ಮೂಗಿನ ಕೆಳಗೆ ನಿಜವಾದ ತುಟಿ ಅಲ್ಲಾಡುತ್ತದೆ. ನನ್ನ ಕಣ್ಣು ಆ ತುಟಿ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ದನಿ ಬಂದ ದಿನವೇ ಮುಖವಾಡ ಅಡ್ಡ ಬಂತು. ಅದನ್ನು ತೆಗೆಯಲು ಆಮೇಲೆ ಅವನಿಗೆ ಕೆಲವು ವರ್ಷ ಹಿಡಿಯಿತು, ಅಷ್ಟೇ.

ಹಾಗಾಗಿ ದಾರಿ ತಪ್ಪಿದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹದಿನೆಂಟರಲ್ಲಿ ಕಟ್ಟಿಕೊಂಡ ಕೋಟೆಯಿಂದ ಹೊರಗೆ ಬಂದ. ಬರುವಾಗ ಕುಂಟಿದ. ಕುಂಟಿದ್ದೂ ರೆಕಾರ್ಡ್ ಆಗಿದೆ.

ಕಪ್ಪುಕೋಣೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಹೇಳುತ್ತೇನೆ: ಹೊರಗೆ ಬಂದು ಹೋಗಿ ನಿಂತಿದ್ದು ಎಲ್ಲಿ? ಆಗಲೇ ಜನ ತುಂಬಿದ್ದ ಚೌಕದಲ್ಲಿ. ಅಮೆರಿಕದ ಇಂಡಸ್ಟ್ರಿಯಲ್ ಬ್ಯಾಂಡ್ ನೈನ್ ಇಂಚ್ ನೈಲ್ಸ್ 1994ರಲ್ಲೇ ಮಾಡಿ ಮುಗಿಸಿದ್ದನ್ನು ಇವನು 2004ರಲ್ಲಿ ಮಾಡಿದ. ಕೋಟೆಯೊಳಗೆ ಇದ್ದಾಗ ಮುಂದೆ ಇದ್ದವನು, ಹೊರಗೆ ಬಂದು ಹತ್ತು ವರ್ಷ ಹಿಂದೆ ಬಿದ್ದ.

ಮಳೆಬಿಲ್ಲು

ಆ ಮಾತು 'ದ ಗ್ರಜ್' ಮಟ್ಟಿಗೆ ಸರಿ, ಒಪ್ಪುತ್ತೇನೆ. 'ಸ್ಮೆಲ್ ಆಫ್ ರೇನ್' ಮಟ್ಟಿಗೆ ಅಲ್ಲ. ಅದನ್ನು ಒಂದು ಸಲ ಪೂರ್ತಿ ಕೇಳಿ, ಆಮೇಲೆ ಜಗಳ ಆಡೋಣ.

ಸುಮ್ನೆಕೇಳುಗ

ಮಧ್ಯದ ವರ್ಷಗಳನ್ನು ಯಾರೂ ಹೇಳಲಿಲ್ಲ. 2007ರಲ್ಲಿ ರೀಮಿಕ್ಸ್ ಆಲ್ಬಂ. 2010ರಲ್ಲಿ 'ಪರ್ಫೆಕ್ಟ್ಲಿ ಡಿಫೆಕ್ಟ್' ಅನ್ನು ಬಿಟ್ಟಿ ಡೌನ್‌ಲೋಡ್‌ಗೆ ಬಿಟ್ಟುಬಿಟ್ಟ. ಮುಂದಿನ 'ದ ಗ್ರೇಟ್ ಡಿಸೀವರ್' ಬರುವ ಹೊತ್ತಿಗೆ 2016. ಹೆಚ್ಚಿಗೆ ಹೇಳುವುದಿಲ್ಲ, 2016ರದ್ದು ಚೆನ್ನಾಗಿದೆ, ಗಲಾಟೆ ಜಾಸ್ತಿ, ಜಿಮ್‌ನಲ್ಲಿ ಕೇಳುತ್ತೇನೆ.

ಕೀಲಿಮಣೆ

ಅಲ್ಲಿಂದ ಕಥೆ ತಿರುಗುವುದು ನೋಡಿ. ಇವನು ಗಿಟಾರ್ ಹಿಡಿದು ಹೊರಟಿದ್ದ ವರ್ಷಗಳಲ್ಲಿ, ಇವನು ಬಿಟ್ಟುಹೋದ ಖಾಲಿ ಕೋಟೆಗೆ ಬೇರೆಯವರು ಬಂದು ಸೇರಿಕೊಂಡಿದ್ದರು. ಮಲಗುವ ಕೋಣೆಯಲ್ಲಿ ಕೀಬೋರ್ಡ್ ಇಟ್ಟುಕೊಂಡ ಹುಡುಗರು. ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಹಾಕುವುದು, ಐವತ್ತೋ ನೂರೋ ಕ್ಯಾಸೆಟ್ ಮಾಡಿ ಮಾರುವುದು. ಅವರಲ್ಲಿ ಎಷ್ಟೋ ಜನ 1994ರಲ್ಲಿ ಹುಟ್ಟಿಯೂ ಇರಲಿಲ್ಲ. ಅವರಿಗೆಲ್ಲ ಇವನು ಅಜ್ಜ.

ಎರಡನೇ ಆಲ್ಬಂನ ಸಂಗೀತವನ್ನೇ ಮತ್ತೆ ಹೊಸದಾಗಿ ಕಟ್ಟಿ ವೇದಿಕೆಗೆ ಬಂದ. ಮೂಗು-ಕಿವಿಯೂ ವಾಪಸ್ ಬಂತು. ಹಾಗೆ ಬೆಳೆದಿದ್ದೇ 2020ರ 'ಸ್ಪಿರಿಟ್ ಆಫ್ ರೆಬೆಲಿಯನ್'. ಹೆಸರು ನೋಡಿ, ಉತ್ತರದಿಕ್ಕಿನವರು ಮೇಲೆ ಅರ್ಥ ಹೇಳಿದ್ದಾರೆ. ದಂಗೆ ಎದ್ದ ಆತ್ಮ. ಅದೇ ಹೆಸರೇ ಸ್ವಲ್ಪ ಬದಲಾಗಿ ಇಂಗ್ಲಿಷಿಗೆ ಬಂದಿದೆ.

ಹಳೇಟೇಪು ಕೇಳಿದ್ದು ಸೋತು ಬಂದನಾ ಅಂತ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿದೆ. ಹಳೆಯದರಲ್ಲಿ ರಾಗ ಬದಲಾಗುವಾಗ ಒಂದು ತಡವರಿಕೆ ಇದೆ, ಕೈ ಇನ್ನೂ ಹುಡುಕುತ್ತಿದೆ. ಹೊಸದರಲ್ಲಿ ಆ ತಡವರಿಕೆ ಇಲ್ಲ. ಯಾವ ಪದರ ಯಾವಾಗ ಬರಬೇಕು, ಯಾವಾಗ ಹಿಂದೆ ಸರಿಯಬೇಕು ಅಂತ ಗೊತ್ತಿದೆ. ಇಪ್ಪತ್ತು ವರ್ಷ ಹಾಡು ಕಟ್ಟಿದ, ಬ್ಯಾಂಡ್ ನಡೆಸಿದ ಕೈ ಅದು. ಮಧ್ಯದ ಆ ಗಿಟಾರ್ ವರ್ಷ ಇಲ್ಲದಿದ್ದರೆ ಈ ಕೈ ಬರುತ್ತಿರಲಿಲ್ಲ.

ಆದರೂ ನನಗೆ ಇಷ್ಟ ಹಳೆಯದೇ, ಆ ತಡವರಿಕೆಗೋಸ್ಕರ.

ಕಪ್ಪುಕೋಣೆ

ಗುರು, ನನ್ನ ಪರ ಮಾತಾಡಿದೆಯೋ ವಿರುದ್ಧ ಮಾತಾಡಿದೆಯೋ ಗೊತ್ತಾಗಲಿಲ್ಲ.

ಹಳೇಟೇಪು

ಇವತ್ತು ಮಧ್ಯಾಹ್ನ ಬಿಟ್ಟುಹೋದ ಮೆಟ್ಟಿಲುಗಳನ್ನು ಕೇಳಿದೆ. 1996, 1999, 2001, ಸಾಲಾಗಿ. ಸಂಜೆ ಐದರ ಹೊತ್ತಿಗೆ 'ದ ಗ್ರಜ್' ಬಂತು. ಈ ಸಲ ಬೆಚ್ಚಲಿಲ್ಲ. ಗಲಾಟೆಯ ಕೆಳಗೆ ಒಂದು ಸಣ್ಣ ಸಿಂಥ್ ರಾಗ ಸುತ್ತುತ್ತಲೇ ಇತ್ತು, ಹೋದ ಶನಿವಾರ ನನಗೆ ಅದು ಕೇಳಿಸಿಯೇ ಇರಲಿಲ್ಲ.

ಅಮ್ಮ ಬಾಗಿಲು ತೆಗೆದು, "ಮಿಕ್ಸಿ ಕೆಟ್ಟಿದೆಯೇನೋ ಅಂದುಕೊಂಡೆ" ಅಂದು ಹೋದರು.

ಕೀಲಿಮಣೆಯವರೇ, ನೀವು ಬಾರಿಸಿದ ಆ ಹತ್ತು ನಿಮಿಷ ರೆಕಾರ್ಡ್ ಆಗಿದೆಯಾ? ಇದ್ದರೆ ಹಾಕಿ.

ಕೀಲಿಮಣೆ

ಮೊಬೈಲ್‌ನಲ್ಲಿದೆ. ಆರನೇ ನಿಮಿಷದಲ್ಲಿ ಇಸ್ತ್ರಿಯವನು ಬಂದು ಬೆಲ್ ಮಾಡಿದ್ದೂ ಇದೆ, ತಾಳಕ್ಕೆ ಸರಿಯಾಗಿ ಬಿದ್ದಿದೆ. ರಾತ್ರಿ ಹಾಕುತ್ತೇನೆ.

ಮಳೆಬಿಲ್ಲು

ಬೆಲ್ ತೆಗೆಯಬೇಡಿ.